ದಿನಕ್ಕೆ ಎಂಟು ಅಕ್ಷರ, ಅದೂ ಹಳೆಪಾಠ ಒಪ್ಪಿಸಿದ ಮೇಲೆ

ಮಾನ್ಯ ಸಂಪಾದಕರೇ,

ಜಪಾನಿನ ವೃದ್ಧರ ಆರೈಕೆ ಕೇಂದ್ರಗಳಲ್ಲಿ ನಮ್ಮವರಿಗಿರುವ ಕೆಲಸದ ಅವಕಾಶಗಳ ಬಗ್ಗೆ ತಮ್ಮ ಉದ್ಯೋಗ ಪುರವಣಿಯಲ್ಲಿ ಬಂದ ಲೇಖನವನ್ನು ಊರಿನಿಂದ ತಂಗಿ ಫೋಟೊ ತೆಗೆದು ಕಳುಹಿಸಿದ್ದಳು. ಲೇಖನದ ಬಗ್ಗೆ ನನ್ನ ತಕರಾರೇನೂ ಇಲ್ಲ. ಅದರ ಕೆಳಗೆ ತರಬೇತಿ ಸಂಸ್ಥೆಯೊಂದರ ಜಾಹೀರಾತು ಇತ್ತು: ಕಥೆಗಳ ಮೂಲಕ ಮೂರೇ ತಿಂಗಳಲ್ಲಿ ಎರಡು ಸಾವಿರ ಕಾಂಜಿ, ಅಂದರೆ ಜಪಾನಿ ಬರಹದ ಚಿತ್ರದಂಥ ಅಕ್ಷರಗಳನ್ನು, ಕಲಿಸಿಕೊಡುತ್ತೇವೆ ಎಂದು. ಅದನ್ನು ಓದಿದಾಗಿನಿಂದ ಮನಸ್ಸು ತಡೆಯುತ್ತಿಲ್ಲ. ಇಂಥದೇ ಮಾತನ್ನು ನಂಬಿ ಬೆಂಗಳೂರಿಗೆ ಹೋಗಿ, ಅಪ್ಪ ಆ ವರ್ಷ ಅಡಿಕೆ ಮಾರಿದ ದುಡ್ಡನ್ನು ಶುಲ್ಕವಾಗಿ ಕಟ್ಟಿ, ಕೊನೆಗೆ ‘ಇದು ನನ್ನ ತಲೆಗೆ ಹತ್ತುವುದಿಲ್ಲ’ ಎಂದು ಅಳುತ್ತ ಊರಿನ ಬಸ್ಸು ಹತ್ತಿದವಳು ನಾನು. ತಪ್ಪಿದ್ದದ್ದು ನಾವು ಓಡಿದ ಓಟದಲ್ಲಿ ಎಂದು ಅರ್ಥವಾಗಲು ಬಹಳ ದಿನ ಬೇಕಾಯಿತು. ಪತ್ರ ಉದ್ದವಾಗುತ್ತದೆ. ಆದರೂ ಪೂರ್ತಿ ಪ್ರಕಟಿಸಬೇಕೆಂದು ಕೇಳಿಕೊಳ್ಳುತ್ತೇನೆ. ಇದೇ ದಾರಿಯಲ್ಲಿ ಈಗ ಹೊರಟು ನಿಂತಿರುವ ಮಕ್ಕಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಸಾಗರ ತಾಲ್ಲೂಕಿನವಳು. ನರ್ಸಿಂಗ್ ಓದಿ ಶಿವಮೊಗ್ಗದಲ್ಲಿ ಎರಡು ವರ್ಷ ಕೆಲಸ ಮಾಡಿ, 2022ರ ಕೊನೆಯಲ್ಲಿ ಜಪಾನಿಗೆ ಬಂದೆ. ಶಿಜುವೊಕಾ ಪ್ರಾಂತದ ಹಮಾಮತ್ಸು ನಗರದ ಒಂದು ಆರೈಕೆ ಕೇಂದ್ರದಲ್ಲಿ ಹಿರಿಯರಿಗೆ ಸ್ನಾನ ಮಾಡಿಸುವುದು, ಉಣ್ಣಿಸುವುದು, ಮಗ್ಗುಲು ಬದಲಿಸುವುದು, ಅದೆಲ್ಲವನ್ನೂ ದಾಖಲೆಯಲ್ಲಿ ಬರೆಯುವುದು ನನ್ನ ಕೆಲಸ. ಬರೆಯುವುದು ಎಂದೆನಲ್ಲ, ಅಲ್ಲಿಯೇ ಕಾಂಜಿ ಬರುತ್ತದೆ.

ತಿಳಿಯದವರಿಗಾಗಿ ಎರಡು ಮಾತು. ಜಪಾನಿ ಭಾಷೆಗೆ ಹಿರಾಗಾನ, ಕಾತಾಕಾನ ಎಂಬ ಎರಡು ಉಚ್ಚಾರಣೆಯ ಲಿಪಿಗಳಿವೆ. ಒಂದೊಂದರಲ್ಲೂ ಮೂಲ ಅಕ್ಷರಗಳು 46. ಕನ್ನಡದವರಿಗೆ ಇವು ಕಷ್ಟವೇ ಅಲ್ಲ. ಅವುಗಳ ಸಾಲು ‘ಅ ಇ ಉ ಎ ಒ’ ಎಂದು ಆರಂಭವಾಗಿ ‘ಕ ಸ ತ ನ ಹ ಮ ಯ ರ ವ’ ಎಂದು ಸಾಗುತ್ತದೆ. ಬೌದ್ಧ ಧರ್ಮದ ಜೊತೆ ಹೋದ ಸಂಸ್ಕೃತ ಮತ್ತು ಸಿದ್ಧಂ ಲಿಪಿಯ ವ್ಯಾಸಂಗದಿಂದ ಬಂದ ಕ್ರಮ ಅದು, ನಮ್ಮ ವರ್ಣಮಾಲೆಗೆ ನೆಂಟ. ಮೊದಲ ದಿನ ತರಗತಿಯಲ್ಲಿ ಅದನ್ನು ಕೇಳಿದಾಗ ಪರದೇಶದಲ್ಲಿ ಊರಿನವರು ಸಿಕ್ಕಷ್ಟು ಸಂತೋಷವಾಗಿತ್ತು. ಕಾಂಜಿಯ ಸಂಗತಿ ಬೇರೆ. ಅವು ಚೀನಾದಿಂದ ಬಂದ ಚಿತ್ರದಂಥ ಅಕ್ಷರಗಳು. ಒಂದೊಂದಕ್ಕೂ ಒಂದು ಅರ್ಥವಿದೆ, ಹಲವಕ್ಕೆ ಎರಡು, ಮೂರು, ನಾಲ್ಕು ಉಚ್ಚಾರಣೆಗಳಿವೆ. ದಿನಬಳಕೆಗೆಂದು ಜಪಾನ್ ಸರ್ಕಾರ 2010ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ ಇರುವುದು 2,136 ಅಕ್ಷರಗಳು.

ಇವನ್ನು ಕಣ್ಣಿನಲ್ಲಿ ನಿಲ್ಲಿಸಿಕೊಳ್ಳಲು ಕಥೆ ಕಟ್ಟುವ ಪದ್ಧತಿ ಇದೆ. ಅಕ್ಷರವನ್ನು ಬಿಡಿಸಿ, ಬಿಡಿ ಭಾಗಗಳಿಗೆ ಹೆಸರಿಟ್ಟು, ಆ ಭಾಗಗಳನ್ನು ಒಂದು ಸಣ್ಣ ಚಿತ್ರದಲ್ಲಿ ಕೂಡಿಸುವುದು. ಮನುಷ್ಯನ ಪಕ್ಕದಲ್ಲಿ ಮರ ಇದ್ದರೆ ವಿಶ್ರಾಂತಿ: ಮರಕ್ಕೆ ಒರಗಿ ಕುಳಿತಿದ್ದಾನೆ. ಸೂರ್ಯ ಚಂದ್ರ ಅಕ್ಕಪಕ್ಕ ನಿಂತರೆ ಬೆಳಕು. ಗದ್ದೆಯ ಕೆಳಗೆ ಶಕ್ತಿ ಇದ್ದರೆ ಗಂಡಸು. ಸುಖ ಎಂಬ ಅಕ್ಷರದ ತಲೆಯ ಮೇಲೆ ಸೊಪ್ಪು ಇಟ್ಟರೆ ಔಷಧಿ, ಅಜ್ಜಿ ಹಿತ್ತಿಲಿನಿಂದ ಕಿತ್ತು ತಂದು ಕಷಾಯ ಕಾಸುತ್ತಿದ್ದಳಲ್ಲ, ಅದೇ. ಈ ಪದ್ಧತಿಯ ಮೇಲೆ ನನಗೆ ಪೂರ್ತಿ ವಿಶ್ವಾಸವಿದೆ. ಅದಿಲ್ಲದಿದ್ದರೆ ನಾನು ಇಲ್ಲಿ ಇರುತ್ತಿರಲಿಲ್ಲ. ನನ್ನ ದೂರು ಇರುವುದು ಅದನ್ನು ನಮಗೆ ತುರುಕಿದ ವೇಗದ ಮೇಲೆ.

ನಮ್ಮ ತರಗತಿಯಲ್ಲಿ ದಿನಕ್ಕೆ 40 ಅಕ್ಷರ. ಬೆಳಿಗ್ಗೆ ಅಚ್ಚು ಹಾಕಿದ ಹಾಳೆ ಕೊಡುತ್ತಿದ್ದರು. ಪ್ರತಿ ಅಕ್ಷರದ ಮುಂದೆ ಒಂದು ಸಿದ್ಧ ಕಥೆ, ಇಂಗ್ಲಿಷಿನಲ್ಲಿ. ಯಾವುದೋ ದೇಶದ ಹಿಮ, ಯಾವುದೋ ಆಟದ ಮೈದಾನ, ನಾವು ಕಂಡರಿಯದ ತಿನಿಸು. ಸಂಜೆ ಪರೀಕ್ಷೆ. ಸಂಜೆಯ ಪರೀಕ್ಷೆಯಲ್ಲಿ ನಾನು 40ಕ್ಕೆ 36, 37 ತೆಗೆಯುತ್ತಿದ್ದೆ. ಅಂಕ ನೋಡಿ ಎಲ್ಲರಿಗೂ ಸಂತೋಷ, ನನಗೂ. 25 ದಿನಕ್ಕೆ ಸಾವಿರ ಮುಟ್ಟಿದೆವು, ಸಿಹಿ ಹಂಚಿದರು. ಇಪ್ಪತ್ತಾರನೆಯ ದಿನ ನನಗೆ ಜ್ವರ ಬಂತು. ನಾಲ್ಕು ದಿನ ಮಲಗಿ ಎದ್ದು ಮೊಬೈಲಿನಲ್ಲಿ ಪುನರಾವರ್ತನೆಯ ಆ್ಯಪ್ ತೆರೆದರೆ, ಒಪ್ಪಿಸಬೇಕಾದ ಹಳೆಯ ಅಕ್ಷರಗಳು 612 ಎಂದು ತೋರಿಸಿತು. ಕುಳಿತು ಮೊದಲ ನೂರು ಮಾಡಿದೆ. ನೂರರಲ್ಲಿ 61 ಮರೆತಿದ್ದವು. ಕಥೆಯೇ ನೆನಪಿಗೆ ಬಾರದ್ದು ಕೆಲವು. ಇನ್ನು ಕೆಲವಕ್ಕೆ ಕಥೆ ನೆನಪಿದೆ, ಆದರೆ ಅದು ಯಾವ ಅಕ್ಷರದ ಕಥೆ ಎಂದು ತಿಳಿಯದು. ಅದು ಇನ್ನೂ ಕೆಟ್ಟದ್ದು. ಗೊತ್ತಿಲ್ಲ ಎಂದಾದರೆ ಕಲಿಯಬಹುದು, ಕಲಸಿಕೊಂಡದ್ದನ್ನು ಬಿಡಿಸುವುದಕ್ಕೆ ಎರಡು ಪಟ್ಟು ಹೊತ್ತು ಬೇಕು.

ಆ ಕಲಸಿಕೊಂಡ ಗಂಟು ಹೇಗಿತ್ತು ಎನ್ನುವುದಕ್ಕೆ ಒಂದೇ ಉದಾಹರಣೆ ಕೊಡುತ್ತೇನೆ. ಜಪಾನಿಯಲ್ಲಿ ದೇವಸ್ಥಾನ, ಅಂದರೆ ಬೌದ್ಧ ದೇಗುಲ, ಎಂಬುದಕ್ಕೆ ಒಂದು ಅಕ್ಷರವಿದೆ. ಅದರ ಎಡಗಡೆ ಏನನ್ನು ಸೇರಿಸುತ್ತೀರಿ ಎನ್ನುವುದರ ಮೇಲೆ ಅರ್ಥ ಬದಲಾಗುತ್ತದೆ. ಹೆಜ್ಜೆ ಸೇರಿಸಿದರೆ ‘ಕಾಯುವುದು’, ಕೈ ಸೇರಿಸಿದರೆ ‘ಹಿಡಿಯುವುದು’, ಸೂರ್ಯ ಸೇರಿಸಿದರೆ ‘ಹೊತ್ತು’, ಮಾತು ಸೇರಿಸಿದರೆ ‘ಕವಿತೆ’, ಎತ್ತು ಸೇರಿಸಿದರೆ ‘ವಿಶೇಷ’. ಐದೂ ಒಂದೇ ಮನೆಯ ಮಕ್ಕಳು, ಹಾಗಾಗಿ ಐದನ್ನೂ ಒಂದೇ ದಿನ ಕಲಿಸಿದರೆ ಸುಲಭ ಎಂದು ನಮ್ಮ ಬೋಧಕರು ತಿಳಿದಿದ್ದರು. ಹಾಗೆಯೇ ಕಲಿಸಿದರು. ಮಾರನೆಯ ದಿನ ಐದೂ ಒಂದರ ಅಂಗಿ ಇನ್ನೊಂದು ತೊಟ್ಟು ಬಂದವು. ಒಂದು ವಾರ ಬಿಟ್ಟು ಕೇಳಿದರೆ ತರಗತಿಯ ಹದಿನೆಂಟು ಜನರಲ್ಲಿ ಒಬ್ಬರಿಗೂ ಐದೂ ಸರಿಯಾಗಿ ಬರಲಿಲ್ಲ.

ಊರಿಗೆ ಬಂದು ಮೂರು ವಾರ ಪುಸ್ತಕ ಮುಟ್ಟಲಿಲ್ಲ. ಆ ಮೇಲೆ ಆ ಐದನ್ನು ಮತ್ತೆ ಕಲಿತದ್ದು ಐದು ಬೇರೆ ಬೇರೆ ವಾರಗಳಲ್ಲಿ, ನನ್ನದೇ ಕಥೆಗಳಿಂದ. ‘ಕಾಯುವುದು’ ಎಂದರೆ ನನಗೆ ಸಿಗಂದೂರು. ಶರಾವತಿ ಹಿನ್ನೀರಿಗೆ 2025ರ ಜುಲೈಯಲ್ಲಿ ಸೇತುವೆ ಆಯಿತು. ಅದಕ್ಕೂ ಮೊದಲು ದೇವಿಯ ದರ್ಶನಕ್ಕೆ ಹೋಗುವವರೆಲ್ಲ ಅಂಬಾರಗೋಡ್ಲು ದಡದಲ್ಲಿ ಲಾಂಚಿಗೆ ಕಾಯಲೇಬೇಕಿತ್ತು. ಚಿಕ್ಕವಳಿದ್ದಾಗ ಅಲ್ಲಿ ಕಾಲು ಬದಲಿಸುತ್ತ ನಿಂತದ್ದು ಇನ್ನೂ ಪಾದದಲ್ಲಿದೆ. ಹೆಜ್ಜೆ, ದೇವಸ್ಥಾನ: ಕಾಯುವುದು. ಅದು ಮನಸ್ಸಿನಲ್ಲಿ ಕುಳಿತ ಹತ್ತು ದಿನದ ಮೇಲೆ ‘ಹಿಡಿಯುವುದು’: ಕೈಯಲ್ಲಿ ಹಣ್ಣುಕಾಯಿ ತಟ್ಟೆ. ಇನ್ನೊಂದು ವಾರ ಕಳೆದು ‘ಹೊತ್ತು’: ನೆತ್ತಿಯ ಮೇಲಿನ ಸೂರ್ಯ, ಮಧ್ಯಾಹ್ನದ ಪೂಜೆಯ ಗಂಟೆ. ಮಾತು ದೇಗುಲವಾದರೆ ಕವಿತೆ ಎಂಬುದಕ್ಕೆ ನನಗೆ ಕಥೆಯೇ ಬೇಕಾಗಲಿಲ್ಲ, ವಚನಗಳನ್ನು ಬಾಯಿಪಾಠ ಮಾಡಿ ಬೆಳೆದವರಿಗೆ ಬೇರೆ ಹೇಳಬೇಕೇ. ಕೊನೆಗೆ ‘ವಿಶೇಷ’. ಎತ್ತು ಮತ್ತು ದೇವಸ್ಥಾನ! ನಮ್ಮೂರಿನಿಂದ ಇಕ್ಕೇರಿ ದೂರವಲ್ಲ. ಅಘೋರೇಶ್ವರನ ಎದುರು ಮಂಟಪದಲ್ಲಿ ಕುಳಿತ ಆ ದೊಡ್ಡ ನಂದಿಯನ್ನು ನೋಡಿದವರು ಈ ಅಕ್ಷರವನ್ನು ಮರೆಯುವುದು ಸಾಧ್ಯವೇ ಇಲ್ಲ. ನನ್ನ ವೀಸಾದ ವರ್ಗದ ಹೆಸರು ಆರಂಭವಾಗುವುದು ಇದೇ ಅಕ್ಷರದಿಂದ. ನಾನು ಕೆಲಸ ಮಾಡುವ ಬಗೆಯ ಆರೈಕೆ ಕೇಂದ್ರದ ಹೆಸರಿನ ಮೊದಲ ಅಕ್ಷರವೂ ಇದೇ. ಪ್ರತಿ ದಿನ ಬಾಗಿಲಲ್ಲಿ ಇಕ್ಕೇರಿಯ ಬಸವನನ್ನು ನೋಡಿ ಒಳಗೆ ಹೋಗುತ್ತೇನೆ.

ಇಂಥ ಚಿತ್ರ ಕಣ್ಣಿಗೆ ಕಟ್ಟಲು ಹೊತ್ತು ಬೇಕು. ಕಥೆಯನ್ನು ಓದುವುದು ಬೇರೆ, ಕಾಣುವುದು ಬೇರೆ. ಕಣ್ಣು ಮುಚ್ಚಿ ಕುಳಿತು, ದಡದ ಕೆಸರಿನ ವಾಸನೆ ಬರುವ ತನಕ, ತಟ್ಟೆಯ ಕಾಯಿ ಕೈಗೆ ಭಾರವೆನಿಸುವ ತನಕ ಕಾಯಬೇಕು. ನನಗೆ ಒಂದು ಅಕ್ಷರಕ್ಕೆ ಸರಾಸರಿ ಐದು ನಿಮಿಷ ಹಿಡಿಯುತ್ತದೆ. ನಲವತ್ತು ಅಕ್ಷರಕ್ಕೆ 200 ನಿಮಿಷ. ಅದು ಹೊಸದಕ್ಕೆ ಮಾತ್ರ. ಕಲಿತ ಪ್ರತಿ ಅಕ್ಷರವನ್ನು ಒಂದು ದಿನ, ಮೂರು ದಿನ, ಒಂದು ವಾರ, ಎರಡು ವಾರ, ಒಂದು ತಿಂಗಳು ಬಿಟ್ಟು ಮತ್ತೆ ಒಪ್ಪಿಸಬೇಕು ಎಂದಿಟ್ಟುಕೊಳ್ಳಿ. ಎರಡನೆಯ ತಿಂಗಳು ಬರುವ ಹೊತ್ತಿಗೆ ಐದು ದಿನಗಳ ಹಳೆಯ ಗುಂಪುಗಳು ಪ್ರತಿ ದಿನ ಬಾಗಿಲು ಬಡಿಯುತ್ತವೆ, ಒಟ್ಟು 200 ಅಕ್ಷರ. ಒಂದಕ್ಕೆ ಅರ್ಧ ನಿಮಿಷವೆಂದರೂ 100 ನಿಮಿಷ. ಹೊಸದೂ ಹಳೆಯದೂ ಸೇರಿ ದಿನಕ್ಕೆ ಐದು ಗಂಟೆ, ಅದೂ ಒಂದೇ ಒಂದು ಅಕ್ಷರ ಮರೆಯದೆ ಇದ್ದರೆ. ದಿನಕ್ಕೆ ಎಂಟರ ಲೆಕ್ಕ ಹಾಕಿದರೆ ಹೊಸದಕ್ಕೆ 40 ನಿಮಿಷ, ಹಳೆಯ ನಲವತ್ತಕ್ಕೆ 20 ನಿಮಿಷ, ಒಟ್ಟು ಒಂದು ಗಂಟೆ. ಈ ಲೆಕ್ಕವನ್ನು ಮೊದಲ ದಿನವೇ ಯಾರಾದರೂ ಹಲಗೆಯ ಮೇಲೆ ಬರೆದು ತೋರಿಸಿದ್ದರೆ ನಾನು ಜ್ವರಕ್ಕೆ ಹೆದರುತ್ತಿರಲಿಲ್ಲ.

ಇದನ್ನು ನನಗೆ ನಿಜವಾಗಿ ಕಲಿಸಿದವರು ನಮ್ಮ ಅಜ್ಜ, ಅವರು ಹೋಗಿ ಹನ್ನೆರಡು ವರ್ಷದ ಮೇಲೆ. ಚಿಕ್ಕಂದಿನಲ್ಲಿ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಮಗ್ಗಿ ಹೇಳಿಸುತ್ತಿದ್ದರು. ಹನ್ನೆರಡರ ಮಗ್ಗಿ ಹೊಸದಾಗಿ ಕಲಿಯಬೇಕಾದ ದಿನವೂ ಎರಡರಿಂದಲೇ ಆರಂಭ. ನಡುವೆ ಏಳರಲ್ಲಿ ಎಡವಿದರೆ ಅವತ್ತು ಹನ್ನೆರಡು ಇಲ್ಲ. ಗದರುತ್ತಿರಲಿಲ್ಲ, ‘ಇವತ್ತು ಏಳು ಇನ್ನೊಂದು ಸಲ, ಹನ್ನೆರಡು ನಾಳೆ ಆಯಿತು’ ಎನ್ನುತ್ತಿದ್ದರು. ಹಳೆಪಾಠ ಒಪ್ಪಿಸಿದ ಮೇಲೆ ಹೊಸಪಾಠ. ಸಂಗೀತ ಕಲಿತವರಿಗೂ ವೇದ ಕಲಿತವರಿಗೂ ಇದು ಗೊತ್ತಿರುವ ಮಾತೇ. ಸೋತು ಬಂದು ಅದೇ ಜಗಲಿಯಲ್ಲಿ ಕುಳಿತಿದ್ದಾಗ ಇದು ನೆನಪಾಯಿತು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಮನಶ್ಶಾಸ್ತ್ರಜ್ಞರು ಅರ್ಥವಿಲ್ಲದ ಉಚ್ಚಾರಗಳನ್ನು ತಾವೇ ಕಂಠಪಾಠ ಮಾಡಿ, ಮರೆವು ಹೇಗೆ ನಡೆಯುತ್ತದೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದ್ದರು ಎಂಬುದನ್ನು ಆ ಮೇಲೆ ಓದಿದೆ. ಕಲಿತ ಮೊದಲ ಗಂಟೆಗಳಲ್ಲಿ, ಮೊದಲ ದಿನದಲ್ಲಿ ಮರೆವು ಅತಿ ಹೆಚ್ಚು. ಒಂದೇ ದಿನ 68 ಸಲ ಉರುಹೊಡೆದು ಸಿಕ್ಕಿದ ಫಲ, ಅದನ್ನೇ ಮೂರು ದಿನಗಳಿಗೆ ಹರಡಿದಾಗ 38 ಸಲಕ್ಕೇ ಅವರಿಗೆ ಸಿಕ್ಕಿತು. ಅಜ್ಜನಿಗೆ ಈ ಅಂಕಿಗಳು ತಿಳಿದಿರಲಿಲ್ಲ, ಆದರೆ ಮಗುವಿನ ಮುಖ ನೋಡಿ ಎಲ್ಲಿ ನಿಲ್ಲಿಸಬೇಕೆಂದು ತಿಳಿದಿತ್ತು.

ಮತ್ತೆ ಆರಂಭಿಸಿದಾಗ ಮೊಬೈಲನ್ನು ಬದಿಗಿಟ್ಟೆ. ಮನೆಯಲ್ಲಿ ಹಳೆಯ ಮದುವೆ ಕರೆಯೋಲೆಗಳ ಒಂದು ಕಟ್ಟು ಇತ್ತು. ಹಿಂಬದಿ ಖಾಲಿ, ಕಾಗದ ದಪ್ಪ. ಅಪ್ಪ ಅವನ್ನು ಕತ್ತರಿಸಿ ಎರಡು ಬೆರಳಗಲದ ಚೀಟಿ ಮಾಡಿಕೊಟ್ಟರು. ಒಂದು ಬದಿ ಕನ್ನಡದಲ್ಲಿ ಅರ್ಥ, ಇನ್ನೊಂದು ಬದಿ ಕಾಂಜಿ, ಮೂಲೆಯಲ್ಲಿ ಕಥೆಯ ಸುಳಿವಾಗಿ ಒಂದೇ ಪದ: ‘ಲಾಂಚ್’, ‘ಕಷಾಯ’, ‘ಇಕ್ಕೇರಿ’. ಚಪ್ಪಲಿಯ ರಟ್ಟಿನ ಡಬ್ಬಿಯಲ್ಲಿ ಅಡ್ಡ ತಡಿಕೆ ಇಟ್ಟು ಐದು ಅಂಕಣ. ಹೊಸ ಚೀಟಿ ಮೊದಲ ಅಂಕಣಕ್ಕೆ. ನೆನಪಿದ್ದರೆ ಮುಂದಿನ ಅಂಕಣಕ್ಕೆ ಬಡ್ತಿ, ಮರೆತರೆ ಎಲ್ಲಿದ್ದರೂ ಮತ್ತೆ ಮೊದಲಿಗೆ. ಮುಂದಿನ ಅಂಕಣಗಳನ್ನು ಅಪರೂಪಕ್ಕೆ ನೋಡಿದರೆ ಸಾಕು. ಸೆಬಾಸ್ಟಿಯನ್ ಲೈಟ್ನರ್ ಎಂಬ ಲೇಖಕರು ಎಪ್ಪತ್ತರ ದಶಕದಲ್ಲಿ ಜನಪ್ರಿಯಗೊಳಿಸಿದ ಉಪಾಯವಿದು. ಮೊಬೈಲಿನ ಆ್ಯಪ್‌ಗಳೂ ಒಳಗೊಳಗೆ ಇದನ್ನೇ ಮಾಡುತ್ತವೆ. ಆದರೆ ಡಬ್ಬಿಯಲ್ಲಿ ಒಂದು ಗುಣವಿದೆ. ಮೊದಲ ಅಂಕಣ ತುಂಬಿ ಚೀಟಿಗಳು ಬಿಗಿಯಾದರೆ ಬೆರಳಿಗೆ ಗೊತ್ತಾಗುತ್ತದೆ. ಬಿಗಿಯಾದ ದಿನ ಹೊಸ ಚೀಟಿ ಬರೆಯಬಾರದು. ನನ್ನ ನಿಯಮ ಇಷ್ಟೇ, ಎಷ್ಟು ಹೊಸದು ಎಂಬುದನ್ನು ಹಳೆಯದು ಹೇಳಬೇಕು. ಹಳೆಯ ಹತ್ತರಲ್ಲಿ ಒಂದೋ ಎರಡೋ ಮರೆತಿದ್ದರೆ ಎಂಟು ಹೊಸದು. ಮೂರು ಮರೆತಿದ್ದರೆ ನಾಲ್ಕು. ಅದಕ್ಕಿಂತ ಹೆಚ್ಚಾದರೆ ಒಂದೂ ಇಲ್ಲ, ಮರೆತವಕ್ಕೆ ಕಥೆ ಸರಿಯಾಗಿ ಕೂತಿಲ್ಲ ಎಂದರ್ಥ, ಅದನ್ನು ಮತ್ತೆ ಕಟ್ಟಬೇಕು. ಭಾನುವಾರ ಹಳೆಯದು ಮಾತ್ರ.

ಎಂಟು ಎಂಬುದು ನನ್ನ ಸಂಖ್ಯೆ. ನಿಮ್ಮದು ಐದು ಇರಬಹುದು, ಹದಿನೈದು ಇರಬಹುದು. ಬೇರೆ ಕೆಲಸವಿಲ್ಲದೆ ಇಡೀ ದಿನ ಇದಕ್ಕೇ ಕುಳಿತು, ಕೆಲವೇ ತಿಂಗಳುಗಳಲ್ಲಿ ಪಟ್ಟಿ ಮುಗಿಸಿ ಉಳಿಸಿಕೊಂಡವರೂ ಇದ್ದಾರೆ, ಅವರ ಶ್ರಮಕ್ಕೆ ನಾನು ಕೈ ಮುಗಿಯುತ್ತೇನೆ. ನಾನು ಹೇಳುತ್ತಿರುವುದು ಪಾಳಿಯಲ್ಲಿ ದುಡಿಯುತ್ತ, ಮನೆಯ ಕೆಲಸ ನೋಡುತ್ತ ಕಲಿಯುವ ನನ್ನಂಥವರಿಗೆ.

ಇಷ್ಟು ತಿಳಿದ ಮೇಲೂ ಒಂದು ತಪ್ಪು ಮಾಡಿದೆ, ಅದನ್ನು ಮುಚ್ಚಿಡುವುದಿಲ್ಲ. ಎರಡನೆಯ ಸಲ ಆರಂಭಿಸುವಾಗ ಮೊದಲ ನೂರು ಅಕ್ಷರಗಳನ್ನು ಸುಲಭದವು, ಗೊತ್ತಿರುವವು ಎಂದು ಹಾರಿಸಿದ್ದೆ. ಅವುಗಳಲ್ಲಿ ‘ಎಡ’ ಮತ್ತು ‘ಬಲ’ ಇದ್ದವು. ಇವೆರಡರ ಮೇಲ್ಭಾಗ ಒಂದೇ ಬಗೆ, ಕೈಯ ಗುರುತು. ಕೆಳಗೆ ಒಂದರಲ್ಲಿ ಬಾಯಿ, ಇನ್ನೊಂದರಲ್ಲಿ ಕೆಲಸದ ಗುರುತು. ಇಲ್ಲಿಗೆ ಬಂದ ಎರಡನೆಯ ತಿಂಗಳು, ಬೆಳಗಿನ ಪಾಳಿ. ಹಿಂದಿನ ರಾತ್ರಿಯ ದಾಖಲೆಯಲ್ಲಿ ಒಬ್ಬ ಅಜ್ಜಿಯ ಹೆಸರಿನ ಮುಂದೆ ‘ಎಡ ಭುಜ ನೋವು, ಎತ್ತಬಾರದು’ ಎಂದು ಬರೆದಿತ್ತು. ನಾನು ‘ಬಲ’ ಎಂದು ಓದಿದೆ. ಅಂಗಿ ತೊಡಿಸಲು ಎಡಗೈಯನ್ನು ಮೆಲ್ಲಗೆ ಮೇಲೆತ್ತಿದೆ. ‘ಇತಾಯಿ’ ಎಂದರು, ನೋವು ಎಂದು. ಅಷ್ಟು ಸಣ್ಣ ದನಿ. ನನ್ನ ಕೈ ಅಲ್ಲಿಯೇ ನಿಂತಿತು. ಜೊತೆಗಿದ್ದ ಹಿರಿಯ ಸಹೋದ್ಯೋಗಿ ಓಡಿ ಬಂದು ಕೈಯನ್ನು ಆಧರಿಸಿ ಕೆಳಗಿಳಿಸಿದರು. ದೊಡ್ಡ ಅನಾಹುತವಾಗಲಿಲ್ಲ. ಆದರೆ ಆ ಅಜ್ಜಿ ಅವತ್ತಿಡೀ ತಮ್ಮ ಎಡಗೈಯನ್ನು ಬಲಗೈಯಿಂದ ಹಿಡಿದುಕೊಂಡು ಕುಳಿತಿದ್ದರು, ನಾನು ಹತ್ತಿರ ಹೋದಾಗಲೆಲ್ಲ ಹಿಡಿತ ಬಿಗಿಯಾಗುತ್ತಿತ್ತು.

ಅಂದು ರಾತ್ರಿ ಮೊದಲ ನೂರನ್ನೂ ಚೀಟಿ ಬರೆದು ಡಬ್ಬಿಗೆ ಹಾಕಿದೆ. ‘ಬಲ’ಕ್ಕೆ ಕಥೆ ಹುಡುಕಬೇಕಾಗಲೇ ಇಲ್ಲ. ಕೈಯ ಕೆಳಗೆ ಬಾಯಿ: ಉಣ್ಣುವ ಕೈ. ಎಡಗೈಯಲ್ಲಿ ಉಂಡರೆ ಅಮ್ಮ ಬೆರಳಿಗೆ ತಟ್ಟುತ್ತಿದ್ದಳಲ್ಲ, ಆ ಮನೆಯಲ್ಲಿ ಬೆಳೆದವಳಿಗೆ ಈ ಅಕ್ಷರ ತಪ್ಪಬಾರದಿತ್ತು. ಬೆಂಗಳೂರಿನ ಹಾಳೆಯಲ್ಲಿ ಇದಕ್ಕೆ ಇದ್ದ ಕಥೆ ಏನೆಂಬುದು ನನಗೆ ಈಗಲೂ ನೆನಪಿಲ್ಲ.

ಹಾಗಾದರೆ ಸಂಸ್ಥೆಗಳಿಗೆ ಇಷ್ಟು ಅವಸರ ಏಕೆ? ಆರೈಕೆ ಕೆಲಸಕ್ಕೆ ಬರಲು ಎರಡು ಸಾವಿರ ಕಾಂಜಿ ಬೇಕಾಗಿಯೇ ಇಲ್ಲ. ನಾನು ಬಂದ ‘ನಿರ್ದಿಷ್ಟ ಕೌಶಲ’ದ ವೀಸಾ 2019ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು, ಭಾರತದ ಜೊತೆ 2021ರ ಜನವರಿಯಲ್ಲಿ ಒಪ್ಪಂದವಾಯಿತು. ಅದಕ್ಕೆ ಕೇಳುವುದು ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯ ಎನ್-4 ಹಂತ ಅಥವಾ ಅದಕ್ಕೆ ಸಮನಾದ ಮೂಲ ಭಾಷಾ ಪರೀಕ್ಷೆ, ಜೊತೆಗೆ ಆರೈಕೆಯ ಕೌಶಲ ಮತ್ತು ಆರೈಕೆಯ ಜಪಾನಿ ಭಾಷೆಯ ಪರೀಕ್ಷೆಗಳು. ಎನ್-4ಕ್ಕೆ ಅಧಿಕೃತ ಅಕ್ಷರ ಪಟ್ಟಿ ಇಲ್ಲದಿದ್ದರೂ ಕಲಿಸುವವರೆಲ್ಲ ಸುಮಾರು 300 ಎಂದು ಲೆಕ್ಕ ಹಾಕುತ್ತಾರೆ. ದಿನಕ್ಕೆ ಎಂಟರಂತೆ ಹೋದರೂ 300 ಅಕ್ಷರ ಎರಡು ತಿಂಗಳಲ್ಲಿ ನಿಧಾನವಾಗಿ ಮುಗಿಯುತ್ತದೆ. ಉಳಿದ ಹೊತ್ತನ್ನು ಮಾತು ಕೇಳುವುದಕ್ಕೆ, ಪದ ಕಲಿಯುವುದಕ್ಕೆ ಕೊಡಬಹುದು. ಕಥೆ ಅಕ್ಷರದ ಅರ್ಥವನ್ನು ಕೊಡುತ್ತದೆ, ಉಚ್ಚಾರಣೆಯನ್ನು ಕೊಡುವುದಿಲ್ಲ. ಅದು ಪದಗಳ ಜೊತೆಯೇ ಬರಬೇಕು. ಸಾವಿರ ಅಕ್ಷರದ ಅರ್ಥ ಬಲ್ಲ ನಾನು ಒಂದು ಲೋಟ ನೀರು ಬೇಕೇ ಎಂದು ಕೇಳಲು ತಡವರಿಸುತ್ತಿದ್ದೆ.

ಜಪಾನಿನ ಮಕ್ಕಳನ್ನೇ ನೋಡಿ. ಒಂದನೆಯ ತರಗತಿಯಲ್ಲಿ ಅವರಿಗೆ ಕಲಿಸುವುದು 80 ಕಾಂಜಿ. ಎರಡರಲ್ಲಿ 160, ಮೂರರಲ್ಲಿ 200, ಆ ಮೇಲೆ 202, 193, 191. ಆರು ವರ್ಷಕ್ಕೆ 1,026. ಮಿಕ್ಕವು ಪ್ರೌಢಶಾಲೆಯಲ್ಲಿ. ಆ ಮಕ್ಕಳಿಗೆ ಭಾಷೆ ತಾಯಿಯ ಬಾಯಿಂದಲೇ ಬಂದಿದೆ, ಹೊಸತು ಅಕ್ಷರ ಮಾತ್ರ. ನಮಗೆ ಎರಡೂ ಹೊಸತು. ದೊಡ್ಡವರಾದ ನಾವು ಅವರಿಗಿಂತ ಬೇಗ ಕಲಿಯುತ್ತೇವೆ, ನಿಜ. ಆದರೆ ಅವರು ಮೂರು ವರ್ಷಗಳಲ್ಲಿ ಕಲಿಯುವ 440 ಅಕ್ಷರಗಳನ್ನು ಹನ್ನೊಂದು ದಿನದಲ್ಲಿ ನುಂಗು ಎಂದರೆ?

ನುಂಗು ಎಂದಾಗ ಇನ್ನೊಂದು ಅಕ್ಷರ ನೆನಪಾಯಿತು, ಹೇಳಲೇಬೇಕು. ನಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಹೆದರುವ ಪದ ‘ಗೋಎನ್’. ಅನ್ನವೋ ನೀರೋ ಅನ್ನನಾಳಕ್ಕೆ ಹೋಗುವ ಬದಲು ಶ್ವಾಸನಾಳಕ್ಕೆ ಜಾರುವುದು. ಇದರಿಂದ ಹಿರಿಯರಿಗೆ ನ್ಯುಮೋನಿಯಾ ಬರುತ್ತದೆ. ಅದಕ್ಕಾಗಿಯೇ ಚಹಾಕ್ಕೂ ಸೂಪಿಗೂ ಪುಡಿ ಕಲಸಿ ಗಂಜಿಯಷ್ಟು ದಪ್ಪ ಮಾಡಿ ಚಮಚದಲ್ಲಿ ಕುಡಿಸುತ್ತೇವೆ. ಆ ಪದದ ಎರಡನೆಯ ಅಕ್ಷರ 2,136ರ ಪಟ್ಟಿಯಲ್ಲಿ ಇಲ್ಲ. ಗೆರೆಗಳ ಕಾಡು. ಒಂದು ವಾರ ಅದರ ಮುಂದೆ ಕುಳಿತರೂ ಕಥೆ ಹೊಳೆಯಲಿಲ್ಲ, ಅದಕ್ಕಾಗಿ ಬೇರೆ ಯಾವುದನ್ನೂ ಮುಟ್ಟದೆ ಬಿಟ್ಟೆ. ಬಿಡಿಸಿ ನೋಡಿದರೆ ಎಡಗಡೆ ಬಾಯಿ, ಬಲಗಡೆ ಒಂದು ಹಕ್ಕಿ: ಜಪಾನಿಯರು ‘ತ್ಸುಬಾಮೆ’ ಎನ್ನುವ, ಬಾಲ ಕವಲೊಡೆದ ಪುಟ್ಟ ಹಕ್ಕಿ. ವಸಂತದಲ್ಲಿ ಅವು ಇಲ್ಲಿ ಅಂಗಡಿಗಳ, ರೈಲು ನಿಲ್ದಾಣಗಳ ಸೂರಿನಡಿ ಮಣ್ಣಿನ ಗೂಡು ಕಟ್ಟುತ್ತವೆ. ಹಿಕ್ಕೆ ಜನರ ಮೇಲೆ ಬೀಳದಿರಲೆಂದು ಗೂಡಿನ ಕೆಳಗೆ ಹಲಗೆ ಕಟ್ಟುತ್ತಾರೆಯೇ ಹೊರತು ಗೂಡನ್ನು ಕೀಳುವುದಿಲ್ಲ. ಒಂದು ಬೆಳಿಗ್ಗೆ ರಾತ್ರಿ ಪಾಳಿ ಮುಗಿಸಿ ಬಸ್ಸಿಗೆ ಕಾಯುತ್ತಿದ್ದಾಗ ತಲೆ ಎತ್ತಿ ನೋಡಿದೆ. ನಾಲ್ಕು ಮರಿಗಳು, ದೇಹಕ್ಕಿಂತ ಬಾಯಿಯೇ ದೊಡ್ಡದು, ತಾಯಿ ಬಂದು ಒಂದೊಂದಕ್ಕೂ ಗುಟುಕು ಇಡುತ್ತಿದ್ದಳು, ಒಂದು ನುಂಗಿದ ಮೇಲೆಯೇ ಇನ್ನೊಂದು. ಬಾಯಿ, ಹಕ್ಕಿ: ನುಂಗುವುದು. ಆ ಅಕ್ಷರ ಮತ್ತೆ ಮರೆತಿಲ್ಲ. ಊಟ ಮಾಡಿಸುವಾಗ ಹಿರಿಯರ ಗಂಟಲು ಏರಿ ಇಳಿಯುವುದನ್ನು ನೋಡಿಯೇ ಮುಂದಿನ ಚಮಚ ಕೊಡುತ್ತೇನೆ.

ಕಥೆಗಳನ್ನೆಲ್ಲ ಜೀವನವಿಡೀ ಹೊರಬೇಕೇ ಎಂದು ನನ್ನ ತಂಗಿ ಕೇಳುತ್ತಾಳೆ. ಬೇಡ. ಅಡಿಕೆ ತೋಟ ಹಾಕುವಾಗ ಎಳೆಯ ಸಸಿಯ ಪಕ್ಕದಲ್ಲಿ ಬಾಳೆ ನೆಡುತ್ತೇವೆ, ನೆರಳಿಗೆಂದು. ಸಸಿ ಬಲಿತ ಮೇಲೆ ಬಾಳೆ ತೆಗೆಯುತ್ತೇವೆ. ‘ವಿಶ್ರಾಂತಿ’ ನೋಡಿದಾಗ ಈಗ ನನಗೆ ಮರಕ್ಕೆ ಒರಗಿದವನು ಕಾಣುವುದಿಲ್ಲ, ನೇರವಾಗಿ ರಜೆ ಕಾಣುತ್ತದೆ. ಬಾಳೆಯನ್ನು ಮಾತ್ರ ಅವಸರದಲ್ಲಿ ಕಡಿಯಬಾರದು. ಅದೇ ‘ವಿಶ್ರಾಂತಿ’ಯ ಮರದ ಬುಡಕ್ಕೆ ಒಂದು ಸಣ್ಣ ಗೆರೆ ಎಳೆದರೆ ‘ದೇಹ’ ಆಗುತ್ತದೆ. ಪ್ರತಿ ದಿನ ದೇಹದ ಉಷ್ಣತೆ ಬರೆಯುವಾಗ ಆ ಗೆರೆ ನನ್ನ ಕಣ್ಣನ್ನು ಆರು ತಿಂಗಳು ತಪ್ಪಿಸುತ್ತಿತ್ತು. ಮನುಷ್ಯನ ಮೂಲ, ಬುಡ, ಅವನ ದೇಹ ಎಂಬ ಕಥೆಯನ್ನು ಆರು ತಿಂಗಳೂ ಬಿಡದೆ ಹೇಳಿಕೊಂಡೆ. ಜಪಾನಿಯರಿಗೂ ಮರೆವು ಬರುತ್ತದೆ. ನನ್ನ ಸಹೋದ್ಯೋಗಿಗಳು ಅಪರೂಪದ ಅಕ್ಷರ ಬರೆಯುವ ಮೊದಲು ಅಂಗೈ ಮೇಲೆ ಬೆರಳಿನಿಂದ ಗೆರೆ ಎಳೆದು ನೋಡಿಕೊಳ್ಳುತ್ತಾರೆ. ನಾನೂ ಹಾಗೆ ಮಾಡಲು ಕಲಿತಿದ್ದೇನೆ.

ತರಬೇತಿ ಸಂಸ್ಥೆಗಳಲ್ಲಿ ನನ್ನ ಬೇಡಿಕೆ ಕೆಲವೇ. ಸಂಜೆಯ ಪರೀಕ್ಷೆಯ ಅಂಕವನ್ನು ಗೋಡೆಗೆ ಅಂಟಿಸಬೇಡಿ. ಎರಡು ತಿಂಗಳ ಹಿಂದೆ ಕಲಿಸಿದ ಅಕ್ಷರಗಳಲ್ಲಿ ಇವತ್ತು ಎಷ್ಟು ಉಳಿದಿವೆ ಎಂದು ಪರೀಕ್ಷೆ ಮಾಡಿ, ಅದನ್ನೇ ಜಾಹೀರಾತಿನಲ್ಲಿ ಹಾಕಿ. ಒಂದೇ ಮನೆಯ ಮಕ್ಕಳಂತಿರುವ ಅಕ್ಷರಗಳನ್ನು ಒಂದೇ ದಿನ ಕೊಡಬೇಡಿ. ಸಿದ್ಧ ಕಥೆ ಹಂಚುವ ಬದಲು ಭಾಗಗಳ ಹೆಸರನ್ನು ಕನ್ನಡದಲ್ಲಿ ಹೇಳಿ, ಕಥೆಯನ್ನು ಮಕ್ಕಳೇ ಕಟ್ಟಲಿ. ಬೀದರಿನ ಹುಡುಗನ ಮರ ಬೇರೆ, ಮಡಿಕೇರಿಯ ಹುಡುಗಿಯ ಮರ ಬೇರೆ. ತಂದೆ ತಾಯಂದಿರೂ ಫೋನಿನಲ್ಲಿ ‘ಎಷ್ಟಾಯಿತು?’ ಎಂದು ಕೇಳುವುದನ್ನು ದಯವಿಟ್ಟು ಬಿಡಿ. ನನ್ನ ಅಪ್ಪ ಈಗ ‘ಅಂಕಣ ಬಿಗಿಯಾಗಿದೆಯಾ?’ ಎಂದು ಕೇಳುತ್ತಾರೆ.

ತಂಗಿಯೂ ಇದೇ ಕೆಲಸಕ್ಕೆ ಬರುವ ಆಸೆಯಿಂದ ಆರಂಭಿಸಿದ್ದಾಳೆ. ಬೆಂಗಳೂರಿಗೆ ಹೋಗಿಲ್ಲ, ಮನೆಯ ಜಗಲಿಯಲ್ಲಿಯೇ ಕುಳಿತಿದ್ದಾಳೆ, ನನ್ನ ಹಳೆಯ ಡಬ್ಬಿ ಅವಳ ಹತ್ತಿರ ಇದೆ. ದಿನಕ್ಕೆ ಆರು ಅವಳ ಸಂಖ್ಯೆ. ಮೊನ್ನೆಗೆ 112 ಆಗಿದೆ. ‘ಕಾಯುವುದು’ ಎಂಬುದಕ್ಕೆ ಏನು ಕಥೆ ಮಾಡಿದೆ ಎಂದು ಕೇಳಿದೆ. ಸೇತುವೆ ಆದ ಮೇಲೆ ಲಾಂಚಿನ ಕಥೆ ಅವಳಿಗೆ ಹಿಡಿಸಲಿಲ್ಲವಂತೆ. ರಥೋತ್ಸವದ ದಿನ ದೇವಸ್ಥಾನದ ಹೊರಗೆ ಪ್ರಸಾದದ ಪಂಕ್ತಿಯಲ್ಲಿ ಒಂದೊಂದೇ ಹೆಜ್ಜೆ ಮುಂದೆ ಇಡುವುದನ್ನು ಬರೆದುಕೊಂಡಿದ್ದಾಳೆ.

ಬರುವ ಜನವರಿಯಲ್ಲಿ ನನಗೆ ಇಲ್ಲಿನ ಆರೈಕೆ ವೃತ್ತಿಯ ರಾಷ್ಟ್ರೀಯ ಪರೀಕ್ಷೆ ಇದೆ, ಒಟ್ಟು 125 ಪ್ರಶ್ನೆ. ಡಬ್ಬಿ ಹೊಸದು, ಚೀಟಿಗಳು ಮಾತ್ರ ಅದೇ ಕರೆಯೋಲೆಗಳವು, ಅಪ್ಪ ಕತ್ತರಿಸಿ ಅಂಚೆಯಲ್ಲಿ ಕಳುಹಿಸುತ್ತಾರೆ. ಇವತ್ತು ನನಗೆ ರಾತ್ರಿ ಪಾಳಿ, ಸಂಜೆ ನಾಲ್ಕೂವರೆಗೆ ಹೋದರೆ ಬರುವುದು ನಾಳೆ ಬೆಳಿಗ್ಗೆ. ರಾತ್ರಿ ಪಾಳಿಯ ದಿನ ಹೊಸ ಅಕ್ಷರ ಇಲ್ಲ. ಹಳೆಯವು 38 ಇವೆ, ಬಸ್ಸಿನಲ್ಲಿ ನೋಡಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸಾಗರ ತಾಲ್ಲೂಕಿನ ಓದುಗಳು
ಸದ್ಯ ಹಮಾಮತ್ಸು, ಜಪಾನ್